ದಪ್ಪಗಾದ ರೊಟ್ಟಿ

ರೊಟ್ಟಿ ದಪ್ಪಗಿದೆಯೆಂದು ನಾನು ಬುತ್ತಿ ಮುಚ್ಚಿಟ್ಟು ಎದ್ದುಹೋದದ್ದು 2011ರ ಡಿಸೆಂಬರಿನಲ್ಲಿ. ಇಂದಾಪುರ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಕಾರಕೂನ ನಾನು. ಹಂಗಾಮು ಜೋರಾಗಿತ್ತು, ಟ್ರ್ಯಾಕ್ಟರುಗಳು ಹಗಲಿರುಳು ಸಾಲುಗಟ್ಟಿ ನಿಂತಿರುತ್ತಿದ್ದವು. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಮನೆ ಬಿಡಬೇಕು. ನನ್ನ ಹೆಂಡತಿ ಇಂಡಿ ಕಡೆಯವಳು, ಜೋಳದ ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಬಡಿಯುವವಳು. ಆ ಚಳಿಗಾಲದಲ್ಲಿ ರೊಟ್ಟಿ ದಪ್ಪಗಾದವು, ಅಂಚು ಹರಿದವು. ಕೆಲವು ದಿನ ಬುತ್ತಿಯೇ ಇರುತ್ತಿರಲಿಲ್ಲ.

"ಅಲ್ರೀ, ಮುಂಜಾನೆ ಮುಷ್ಟಿ ಕಟ್ಟಾಕ ಬರವಲ್ಲದು. ಬೆರಳು ಕಟಗಿ ಆದಂಗ ಆಗ್ಯಾವ" ಎಂದಳು.

"ಥಂಡಿಗೆ ಎಲ್ಲಾರಿಗೂ ಹಂಗ ಆಗ್ತೈತಿ" ಎಂದೆ.

ನನ್ನ ಬಳಿ ಒಂದು ಸಾಕ್ಷಿಯಿತ್ತು. ಪಾಳಿ ಮುಗಿಸಿ ಮಧ್ಯಾಹ್ನ ಬರುವಷ್ಟರಲ್ಲಿ ಅವಳು ಬಟ್ಟೆ ಒಗೆದು ಹಾಕಿರುತ್ತಿದ್ದಳು, ಪಾತ್ರೆ ತಿಕ್ಕಿರುತ್ತಿದ್ದಳು. ನಸುಕಿನಲ್ಲಿ ಬಾರದ ಬೆರಳು ಹನ್ನೆರಡಕ್ಕೆ ಹೇಗೆ ಬರುತ್ತವೆ? ನೋವು ಖರೇ ಆಗಿದ್ದರೆ ಮಧ್ಯಾಹ್ನ ಎಲ್ಲಿಗೆ ಹೋಗುತ್ತದೆ? ಇದನ್ನು ನಾನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ಸಂಕ್ರಾಂತಿಗೆ ಬಂದ ಅಣ್ಣ, ವೈನಿ ಕುಳಿತಿದ್ದಾಗ ಎಲ್ಲರೆದುರು ಕೇಳಿದೆ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಅದಾದ ಮೇಲೆ ಬಹಳ ದಿನ ಕೈಯ ಮಾತೇ ಎತ್ತಲಿಲ್ಲ. ಮುಂದೆ ಮಾಡಿದ ತಪ್ಪುಗಳಿಗೆಲ್ಲ ಅಜ್ಞಾನದ ನೆವ ಹೇಳಿಕೊಳ್ಳಬಹುದು. ಆ ಸಂಜೆಯದಕ್ಕೆ ನೆವ ಸಿಗುವುದಿಲ್ಲ.

ಬೇಸಿಗೆಗೆ ಬೆರಳ ಗೆಣ್ಣುಗಳು ಊದಿದವು, ಎರಡೂ ಕೈಯಲ್ಲಿ ಒಂದೇ ರೀತಿ. ಊರಿನ ಲ್ಯಾಬಿನಲ್ಲಿ ಸಂಧಿವಾತದ 'ಆರ್.ಎ. ಫ್ಯಾಕ್ಟರ್' ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ಆ ಚೀಟಿಯನ್ನು ಪ್ರಶಸ್ತಿಪತ್ರದಂತೆ ಕಪಾಟಿನಲ್ಲಿ ಇಟ್ಟುಕೊಂಡೆ. ಈ ರೋಗ ಇರುವ ಹಲವರಲ್ಲಿ, ಅದರಲ್ಲೂ ಆರಂಭದಲ್ಲಿ, ಆ ಪರೀಕ್ಷೆ ನೆಗೆಟಿವ್ ಬರುವುದುಂಟು ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ನಂತರ ಪುಡಿ ಬಂತು. ಪರಿಚಯದವರ ಮಾತು ಕೇಳಿ ನಾನೇ ತಂದದ್ದು. ಪೊಟ್ಟಣದ ಮೇಲೆ ಹೆಸರಿಲ್ಲ, ಒಳಗೇನಿದೆ ಎಂಬ ಬರಹವಿಲ್ಲ. ಮೂರನೆಯ ದಿನಕ್ಕೆ ಅವಳು ಮೊದಲಿನಂತೆ ರೊಟ್ಟಿ ಬಡಿದಳು. ಆ ಸಪ್ಪಳ ಕೇಳಿ ನಾನು ಗೆದ್ದೆ ಎಂದುಕೊಂಡೆ. ಹದಿನಾಲ್ಕು ತಿಂಗಳು ತಿಂದಳು. ಮುಖ ಗುಂಡಗಾಯಿತು, ಸಕ್ಕರೆ ಏರಿತು. ಒಮ್ಮೆ ಪುಡಿ ಸಿಗದೆ ವಾರ ಕಳೆದಾಗ ಹಾಸಿಗೆಯಿಂದ ಏಳಲಾಗಲಿಲ್ಲ.

2013ರ ನವೆಂಬರಿನಲ್ಲಿ ಪುಣೆಗೆ ಹೋದೆವು. ಭಿಗವಣ, ಕುರಕುಂಭ, ಯವತ, ಹಡಪಸರ. ಬಸ್ಸಿನ ಪ್ರತಿ ಕುಲುಕಾಟಕ್ಕೂ ಅವಳು ಮುಂಗೈಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಕೀಲುರೋಗದ ತಜ್ಞರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಬೆಳಿಗ್ಗೆ ಎದ್ದ ಮೇಲೆ ಕೈ ಸಡಿಲಾಗಲು ಎಷ್ಟು ಹೊತ್ತು ಬೇಕು?

ಅವಳು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ: "ಮಧ್ಯಾಹ್ನ ಎಲ್ಲ ಸರಿ ಇರ್ತದ ಡಾಕ್ಟರ್, ಅದಕ್ಕs ನನಗ ಸಂಶಯ."

ಅವರು ನನ್ನ ಕಡೆ ನೋಡಲಿಲ್ಲ. ಅವಳು "ಎರಡು ತಾಸು" ಎಂದಳು. ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ನಮ್ಮ ಕಡೆ ಸಂಧಿವಾತ, ಆಮವಾತ ಅನ್ನುತ್ತಾರೆ. ಮುಂಜಾನೆ ಒಂದು ತಾಸಿಗೂ ಹೆಚ್ಚು ಹೊತ್ತು ಕೀಲು ಬಿಗಿದಿರುವುದು, ಆಮೇಲೆ ಕೈಯಾಡಿಸುತ್ತ ಸಡಿಲಾಗುವುದು ಈ ರೋಗದ ಗುರುತಂತೆ. ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳು ನಸುಕಿನ ಹೊತ್ತಿಗೆ ರಕ್ತದಲ್ಲಿ ಏರುತ್ತವೆ. ಅದನ್ನು ತಡೆಯುವ ದೇಹದ ಸ್ವಂತ ಹಾರ್ಮೋನು ಕಾರ್ಟಿಸಾಲ್ ನಡುರಾತ್ರಿ ತೀರ ಕಡಿಮೆಯಿದ್ದು ಬೆಳಕು ಹರಿಯುವಾಗ ಏರುತ್ತದೆ, ಆದರೆ ಈ ರೋಗಿಗಳಲ್ಲಿ ಆ ಏರಿಕೆ ಸಾಲುವುದಿಲ್ಲ. ಅವಳ ಮೇಲೆ ನಾನು ಹೊರಿಸಿದ್ದ ಸಾಕ್ಷಿಯೇ ಅವಳ ರೋಗದ ರುಜು ಆಗಿತ್ತು.

ಕಾರಣ ಕೇಳಿದಾಗ ವೈದ್ಯರು ಮರಾಠಿಯಲ್ಲಿ "ಕುಂಪಣಚ ಶೇತ ಖಾತಂ" ಎಂದರು. ಅವಳು ತಟ್ಟನೆ ನನ್ನ ಕಡೆ ತಿರುಗಿ, "ಬೇಲಿ ಎದ್ದು ಹೊಲ ಮೇಯ್ದಂಗ" ಎಂದಳು. ಹೊರಗಿನ ರೋಗಾಣುಗಳನ್ನು ತಡೆಯಬೇಕಾದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯನ್ನೇ ಶತ್ರುವೆಂದು ತಿಳಿಯುತ್ತದೆ. ಪೊರೆ ಊದಿ, ದಪ್ಪಗೆ ಬೆಳೆದು, ಮೃದ್ವಸ್ಥಿಯನ್ನೂ ಎಲುಬಿನ ಅಂಚನ್ನೂ ತಿನ್ನತೊಡಗುತ್ತದೆ. ಆ ಉರಿ ಕೀಲಿನಲ್ಲಷ್ಟೇ ನಿಲ್ಲುವುದಿಲ್ಲ. ರಕ್ತ ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ಕೆಲವರಲ್ಲಿ ಶ್ವಾಸಕೋಶಕ್ಕೂ ಹೋಗುತ್ತದೆ. ಅವಳ ದಣಿವಿಗೆ ನಾನು ಸೋಮಾರಿತನ ಎಂದು ಹೆಸರಿಟ್ಟಿದ್ದೆ. ಅದೂ ಇದರದೇ ಭಾಗ. ಇಂಥ ರೋಗಗಳ ಬಳಗವೇ ಇದೆ: ಥೈರಾಯ್ಡಿನ ಮೇಲೆ ಬಿದ್ದರೆ ಹಾಶಿಮೊಟೊ, ಚರ್ಮದ ಬಣ್ಣದ ಕೋಶಗಳ ಮೇಲೆ ಬಿದ್ದರೆ ತೊನ್ನು, ಇನ್ಸುಲಿನ್ ಕೋಶಗಳ ಮೇಲೆ ಬಿದ್ದರೆ ಟೈಪ್ 1 ಮಧುಮೇಹ.

ಪುಡಿಯ ಪೊಟ್ಟಣ ತೋರಿಸಿದೆ. ಸ್ಟಿರಾಯ್ಡ್ ಇದ್ದಿರಬೇಕು ಎಂದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಇದೇ ರೋಗದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ಅವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರಂತೆ. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಹೆಚ್ಚು ದಿನ ಕೊಟ್ಟರೆ ಅದು ಮಾಡುವ ಹಾನಿ ಬೇಗನೆ ಕಾಣಿಸಿತು. ನಮ್ಮ ವೈದ್ಯರೂ ಸ್ವಲ್ಪ ದಿನ ಸ್ಟಿರಾಯ್ಡನ್ನೇ ಕೊಟ್ಟರು, ಸಣ್ಣ ಪ್ರಮಾಣದಲ್ಲಿ, ದಿನ ದಿನಕ್ಕೆ ಇಳಿಸುತ್ತ, ನಿಲ್ಲಿಸುವ ತಾರೀಖು ಬರೆದು. ನಾನು ಕೊಟ್ಟದ್ದಕ್ಕೆ ಪ್ರಮಾಣವೂ ಇರಲಿಲ್ಲ, ತಾರೀಖೂ ಇರಲಿಲ್ಲ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಗೆಣ್ಣುಗಳ ಅಂಚು ಗೆದ್ದಲು ತಿಂದ ತೊಲೆಯಂತಿತ್ತು. ಮೊದಲ ಕೆಲವು ತಿಂಗಳಲ್ಲೇ ಬಂದಿದ್ದರೆ ಇಷ್ಟಾಗಲು ಬಿಡುತ್ತಿರಲಿಲ್ಲ, ಹೋದ ಎಲುಬು ಮರಳುವುದಿಲ್ಲ, ಉಳಿದದ್ದನ್ನು ಉಳಿಸೋಣ ಎಂದರು. ನಾವು ಹೋದದ್ದು ಎರಡು ವರ್ಷದ ಮೇಲೆ.

ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ ಎಂದು ಮೂರು ಸಲ ಹೇಳಿದರು. ಜತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತದ ಮತ್ತು ಯಕೃತ್ತಿನ ಪರೀಕ್ಷೆ. ಇದು ಕ್ಯಾನ್ಸರಿನ ಔಷಧಿ ಎಂದು ಯಾರೋ ಹೇಳಿ ಅವಳನ್ನು ಹೆದರಿಸಿದ್ದರು. ಅದು ಸುಳ್ಳಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಿಂದ ರಕ್ತದ ಕ್ಯಾನ್ಸರಿಗೆಂದು ಹೊರಬಂದ ಔಷಧಿ ಅದು. ಸಂಧಿವಾತಕ್ಕೆ ಕೊಡುವುದು ಬಹಳ ಕಡಿಮೆ ಪ್ರಮಾಣ. 1988ರಲ್ಲಿ ಅಮೆರಿಕದಲ್ಲಿ ಈ ಬಳಕೆಗೆ ಒಪ್ಪಿಗೆ ಸಿಕ್ಕಿತು. ಇದನ್ನೆಲ್ಲ ಓದಿ ಅವಳಿಗೆ ಹೇಳಿದೆ. ಅವಳ ಮಾತನ್ನು ನಂಬದೆ ಕಳೆದ ಎರಡು ವರ್ಷದ ಸಾಲ ತೀರಿಸುವವನಂತೆ ಓದಿದೆ.

ಹಾಗೆ ಓದುವಾಗಲೇ ಭಿಗವಣ ಸಿಕ್ಕಿತು. ಉಜನಿ ಹಿನ್ನೀರಿಗೆ ಬರುವ ರಾಜಹಂಸಗಳನ್ನು ನೋಡಲು ಮಕ್ಕಳನ್ನು ಪ್ರತಿ ಚಳಿಗಾಲ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ನಮ್ಮದೇ ತಾಲೂಕಿನ ಊರು. ವಿಶ್ವ ಆರೋಗ್ಯ ಸಂಸ್ಥೆಯ 'ಕಾಪ್‌ಕಾರ್ಡ್' ಕಾರ್ಯಕ್ರಮದಡಿ ಪುಣೆಯ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಅಲ್ಲಿ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೀಲುನೋವಿನ ಬಗ್ಗೆ ಕೇಳಿತ್ತು. ನೂರಕ್ಕೆ ಸುಮಾರು 18 ಜನರಿಗೆ ಮೈಕೈ ಕೀಲುಗಳ ತೊಂದರೆ, ಹೆಚ್ಚುಕಡಿಮೆ ಇನ್ನೂರರಲ್ಲಿ ಒಬ್ಬರಿಗೆ ರುಮಟಾಯ್ಡ್. ನಾನು ರಾಜಹಂಸ ತೋರಿಸುತ್ತಿದ್ದ ಆ ಊರಲ್ಲಿ, ಅವಳ ಬೆರಳು ಬಿಗಿಯುವುದಕ್ಕೂ ಹದಿನೈದು ವರ್ಷ ಮೊದಲೇ, ಹೆಂಗಸರನ್ನು ಕೂರಿಸಿ ಯಾರೋ ನೋವಿನ ಮಾತನ್ನು ಕೇಳಿಸಿಕೊಂಡಿದ್ದರು.

ಈಗ ಗುಳಿಗೆಯ ದಿನ ರವಿವಾರ. ಕ್ಯಾಲೆಂಡರಿನಲ್ಲಿ ಕೆಂಪು ಗುಂಡು ಹಾಕುವವನು ನಾನು, ಹಿಟ್ಟು ನಾದುವವನೂ ನಾನೇ. ಬಡಿಯಲು ಇನ್ನೂ ಬರುವುದಿಲ್ಲ, ಲಟ್ಟಿಸುತ್ತೇನೆ. ಬೆಳಿಗ್ಗೆ ಚಹಾ ಇಟ್ಟು ಅವಳ ಪಕ್ಕ ಕೂತು, "ಮುಷ್ಟಿ ಕಟ್ಟು, ನೋಡೂಣು" ಎನ್ನುತ್ತೇನೆ. ಬೆರಳು ಒಂದೊಂದಾಗಿ ಮಡಚುತ್ತವೆ. ಬಲಗೈಯ ಕಿರುಬೆರಳು, ಅದರ ಪಕ್ಕದ್ದು ಅಂಗೈ ಮುಟ್ಟುವುದಿಲ್ಲ. ಗಡಿಯಾರ ನೋಡಿ "ಇವತ್ತ ಹದಿನೈದ ಮಿನಿಟು" ಎನ್ನುತ್ತಾಳೆ. ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.