ಗೋರಿಗಳ ಮೇಲೆ ಗಾಳಿಪಟ

ತಂಗಿಯ ಯಜಮಾನರಿಗೆ ಗ್ವಾಟೆಮಾಲಾ ದೇಶದಲ್ಲಿ ಕೆಲಸ; ಹಾಗಾಗಿ ನನಗೂ ಅದನ್ನು ನೋಡುವ ಯೋಗ ಬಂತು. ನವೆಂಬರ್ 1, ಸುಂಪಾಂಗೋ ಊರಲ್ಲಿ ನಮ್ಮ ಮಹಾಲಯದಂತೆ ಸತ್ತವರನ್ನು ನೆನೆಯುವ ದಿನ. "ಸ್ಮಶಾನಕ್ಕೆ ಹೋಗೋಣ ಬಾ ಅಕ್ಕಾ" ಅಂದಳು. ಹಬ್ಬದ ದಿನ ಸ್ಮಶಾನವೇ!

ಹೋದರೆ ಜಾತ್ರೆಯೋ ಜಾತ್ರೆ. ಗೋರಿಗಳ ಮೇಲೆ ಚೆಂಡು ಹೂವು. ಪಕ್ಕದ ಬಯಲಲ್ಲಿ ಬಿದಿರು, ತೆಳು ಬಣ್ಣದ ಕಾಗದದ ಗಾಳಿಪಟಗಳು, ಮನೆಗಿಂತ ಎತ್ತರ! 2024ರಲ್ಲಿ ಯುನೆಸ್ಕೋ ಈ ಕಲೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಕಾಗದದ ಪಟಪಟ ಸದ್ದಿಗೆ ಕೆಟ್ಟ ಆತ್ಮಗಳು ಓಡುತ್ತವಂತೆ.

ಫಿಯಾಂಬ್ರೆ ಎಂಬ ಹಬ್ಬದಡಿಗೆ ತರಕಾರಿ, ಮಾಂಸ ಬೆರೆಸಿದ ತಣ್ಣನೆಯ ಕೋಸಂಬರಿಯಂಥದ್ದು. ನಾನು ಮುಟ್ಟಲಿಲ್ಲ ಬಿಡಿ.

ಚಿಕ್ಕ ಪಟಗಳ ದಾರಕ್ಕೆ ಚೀಟಿ ಕಟ್ಟಿ ಸತ್ತವರಿಗೆ ಸುದ್ದಿ ಕಳಿಸುತ್ತಾರೆ. ಅಮ್ಮ ತೀರಿಕೊಂಡಾಗ ನಾನು ಸಮಯಕ್ಕೆ ತಲುಪಿರಲಿಲ್ಲ. ಒಬ್ಬ ಹುಡುಗನ ಕೈಗೆ ಚೀಟಿ ಕೊಟ್ಟೆ, ಕನ್ನಡದಲ್ಲೇ ಬರೆದಿದ್ದೆ. ಅವನು ಕಟ್ಟಿ, ದಾರ ಬಿಟ್ಟ.