ಗೊಡಚಿಯಲ್ಲಿ ವೀರಭದ್ರ ಎದ್ದು ನಿಲ್ಲುವ ಹೊತ್ತು

ಹೊಸ್ತಿಲ ಹುಣ್ಣಿಮೆ. ರಾಮದುರ್ಗ ತಾಲೂಕಿನ ಗೊಡಚಿ. ಹೊತ್ತು ಇಳಿಯುತ್ತಿದೆ, ಚಳಿ ಏರುತ್ತಿದೆ. ಬೈಲಹೊಂಗಲದ ಕಡೆಯವರು, ಸವದತ್ತಿ ಕಡೆಯವರು, ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಕಟ್ಟಿ, ಹುಲ್ಲು ಹಾಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಂದವರು, ಎಲ್ಲರ ಮುಖವೂ ವೀರಭದ್ರೇಶ್ವರನ ಗುಡಿಯ ಕಡೆಗಿದೆ. ನೀವು ಆ ಮಂದಿಯ ನಡುವೆ ಸಿಕ್ಕಿಕೊಂಡಿದ್ದೀರಿ. ಮುಂದೆ ಒಬ್ಬಳ ತಲೆಯ ಮೇಲೆ ಬುತ್ತಿಯ ಗಂಟು, ಪಕ್ಕದಲ್ಲಿ ತಾತನ ಹೆಗಲ ಮೇಲೆ ಮೊಮ್ಮಗ. ಬಾರೆಹಣ್ಣಿನ ಬುಟ್ಟಿ, ಮಂಡಕ್ಕಿಯ ರಾಶಿ, ಬಳೆಗಳ ಸಾಲು ದಾಟಿ ಒಂದೊಂದೇ ಹೆಜ್ಜೆ ಸರಿಯುತ್ತಿದ್ದೀರಿ. ಕಾಯಿ ಒಡೆದ ನೀರು, ಕರ್ಪೂರ, ಜನರ ಬೆವರು, ಎಲ್ಲ ಕಲೆತ ಒಂದು ವಾಸನೆ ಮೂಗಿಗೆ ಅಡರುತ್ತದೆ.

ಆಗ ಸಮಾಳದ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಅದರ ಬೆನ್ನಿಗೆ ಕರಡಿ ಮಜಲಿನವರ ಗುಡುಗು. ಯಾರೋ ಕೂಗುತ್ತಾರೆ: “ಹಾದಿ ಬಿಡ್ರೀ, ಪುರವಂತ್ರು ಬಂದ್ರು! ಹಿಂದ ಸರೀರಿ ಯಪ್ಪಾ, ಹಿಂದ ಸರೀರಿ!” ತುಂಬಿ ನಿಂತಿದ್ದ ಮಂದಿ ಎರಡು ಪಾಲಾಗುತ್ತದೆ. ನಡುವೆ ಒಂದು ಬಯಲು ತೆರೆದುಕೊಳ್ಳುತ್ತದೆ. ನಿಮ್ಮ ಅದೃಷ್ಟಕ್ಕೆ ನೀವು ಮುಂದಿನ ಸಾಲಿಗೇ ಬಂದುಬಿಟ್ಟಿದ್ದೀರಿ.

ವೀರಭದ್ರನ ಕಥೆ ಹೇಳಿ ಕುಣಿಯುವ ಪುರವಂತ ಬಯಲಿಗೆ ಇಳಿಯುತ್ತಾನೆ. ಮುಖವಾಡ ಇಲ್ಲ. ಹಣೆಯ ತುಂಬ ವಿಭೂತಿ, ನಡುವೆ ಕುಂಕುಮದ ಕೆಂಪು. ತಲೆಗೆ ಬಿಗಿದು ಸುತ್ತಿದ ರುಮಾಲು, ಕೊರಳಲ್ಲಿ ರುದ್ರಾಕ್ಷಿಯ ಸರಗಳು, ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಹಿತ್ತಾಳೆಯ ವೀರಭದ್ರನ ಮುಖ, ಕಾಲಿಗೆ ಗೆಜ್ಜೆ, ಬಲಗೈಯಲ್ಲಿ ಬಿಚ್ಚುಗತ್ತಿ. ಹತ್ತಿರದಿಂದ ನೋಡಿ: ಕತ್ತಿ ಹಿಡಿದ ಆ ಕೈಯ ಬೆರಳುಗಳು ಹೊಲದ ಕೆಲಸದಿಂದ ಕಾಯಿಗಟ್ಟಿವೆ, ಉಗುರಿನ ಸಂದಿಯಲ್ಲಿ ಎರೆಮಣ್ಣಿನ ಕಪ್ಪು ಉಳಿದಿದೆ. ನಿನ್ನೆ ಹತ್ತಿ ಬಿಡಿಸಿದ ಕೈ ಅದು. ಇವತ್ತು ಆ ಕೈ ಮೇಲೆದ್ದರೆ ಇಡೀ ಬಯಲು ಉಸಿರು ಹಿಡಿಯುತ್ತದೆ.

ಸಮಾಳ ನಿಲ್ಲುತ್ತದೆ. ಒಡಪು ಶುರುವಾಗುತ್ತದೆ.

ಒಡಪು ಹೇಳುವವನಿಗೆ ಎದೆಯಲ್ಲಿ ಉಸಿರು ತುಂಬಿರಬೇಕು. ಪ್ರಾಸದ ಬೆನ್ನಿಗೆ ಪ್ರಾಸ, ಪದದ ಮೇಲೆ ಪದ, ಒಂದೇ ಓಟದಲ್ಲಿ ಏರುತ್ತ ಹೋಗಿ, ಇನ್ನೇನು ಉಸಿರು ಮುಗಿಯಿತು ಎನ್ನುವಲ್ಲಿ ಕತ್ತಿ ಮೇಲಕ್ಕೆ ಹಾರುತ್ತದೆ. ಅದೇ ಕ್ಷಣಕ್ಕೆ ವಾದ್ಯಗಳೆಲ್ಲ ಒಟ್ಟಿಗೆ ಎರಗುತ್ತವೆ. ಪುರವಂತ ನಾಲ್ಕು ಹೆಜ್ಜೆ ಕುಣಿದು ಮತ್ತೆ ನಿಲ್ಲುತ್ತಾನೆ. ಮತ್ತೆ ಮೌನ, ಮತ್ತೆ ಮಾತು. ಈ ಮಾತಿನಿಂದಲೇ ಅವನು ನಿಮ್ಮ ಕಣ್ಣೆದುರು ಒಂದು ರೂಪವನ್ನು ಕಟ್ಟುತ್ತಾನೆ.

ಮೊದಲು ದುಃಖ ಬರುತ್ತದೆ. ದಕ್ಷ ಯಜ್ಞ ಹೂಡಿದ್ದಾನೆ. ಮೂರು ಲೋಕಕ್ಕೂ ಕರೆ ಹೋಗಿದೆ, ಮಗಳಿಗೂ ಅಳಿಯನಿಗೂ ಮಾತ್ರ ಇಲ್ಲ. ತವರಿನ ಸೆಳೆತ ತಾಳದೆ ಮಗಳು ಕರೆಯದಿದ್ದರೂ ಹೋದಳು. ಅಪ್ಪ ಮುಖ ತಿರುಗಿಸಿದ. ತುಂಬಿದ ಸಭೆಯಲ್ಲಿ ಗಂಡನ ನಿಂದೆ ಕೇಳಿದ ಸತಿ ಅಲ್ಲೇ ತನ್ನ ದೇಹವನ್ನು ಉರಿಗೆ ಒಪ್ಪಿಸಿದಳು. ಸುದ್ದಿ ಕೈಲಾಸಕ್ಕೆ ಮುಟ್ಟಿತು. ಶಿವ ಒಂದು ಜಟೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದ.

ಆ ಜಟೆ ಬಿದ್ದ ಜಾಗದಿಂದ ವೀರಭದ್ರ ಏಳುತ್ತಾನೆ. ಪುರವಂತ ಕತ್ತಿಯ ತುದಿಯನ್ನು ನೆಲಕ್ಕೆ ಮುಟ್ಟಿಸಿ ನಿಧಾನವಾಗಿ ಮೇಲೆತ್ತುತ್ತಾನೆ. ನಿಮ್ಮ ಕಣ್ಣು ಅದರ ಜೊತೆಗೇ ಏರುತ್ತದೆ. ಕಾರ್ಮೋಡದ ಬಣ್ಣದ ಮೈ, ಮುಗಿಲು ಮುಟ್ಟಿದ ತಲೆ. ಮೂರು ಸೂರ್ಯರು ಒಟ್ಟಿಗೆ ಹುಟ್ಟಿದ ಹಾಗೆ ಮೂರು ಕಣ್ಣು. ಬಾಯಿಂದ ಹೊರಬಂದ ಕೋರೆ. ಕೂದಲು ಕೂದಲಲ್ಲ, ಉರಿಯುವ ಬೆಂಕಿ. ಕೊರಳಲ್ಲಿ ತಲೆಬುರುಡೆಗಳ ಮಾಲೆ. ಸಾವಿರ ತೋಳು, ತೋಳಿಗೊಂದು ಆಯುಧ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಇರುವ ರೂಪವೇ ಇದು. ಓದುವಾಗ ಅಲಂಕಾರ ಅನ್ನಿಸಿದ್ದ ಪದಗಳು ಇಲ್ಲಿ, ಈ ಬಯಲಿನಲ್ಲಿ, ನಿಮ್ಮ ತೋಳಿನ ಕೂದಲನ್ನು ನಿಮಿರಿಸುತ್ತವೆ. ಪುರವಂತನ ನೋಟ ಮಂದಿಯ ತಲೆಗಳ ಮೇಲೆ ಎಲ್ಲೋ ಎತ್ತರದಲ್ಲಿ ನೆಟ್ಟಿದೆ. ನೀವೂ ಹಿಂತಿರುಗಿ ಆ ಎತ್ತರವನ್ನು ನೋಡುತ್ತೀರಿ.

ನಿಮ್ಮ ಪಕ್ಕದ ಹುಡುಗ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತಾನೆ.

“ಆಯೀ, ಹೋಗೂಣು ನಡಿ. ಅಂವ ನನ್ನ ನೋಡಾಕತ್ತಾನ.”

“ಅಂಜಬ್ಯಾಡ ಬಾಳಾ. ನಮ್ಮ ಮನಿದೇವ್ರದು. ತಪ್ಪ ಮಾಡಿದವ್ರಷ್ಟ ಅಂವಗ ಅಂಜಬೇಕು.”

ಆ ಮಾತು ನೆನಪಿರಲಿ. ಒಡಪು ಈಗ ಯಜ್ಞಶಾಲೆಗೆ ನುಗ್ಗುತ್ತಿದೆ.

ಹುಟ್ಟಿದ ಕೂಡಲೆ ವೀರಭದ್ರ ಮಾಡಿದ ಮೊದಲ ಕೆಲಸ ಕೈಮುಗಿದು “ಏನಪ್ಪಣೆ?” ಎಂದು ಕೇಳಿದ್ದು. ಅಪ್ಪಣೆ ಸಿಕ್ಕ ಮೇಲೆ ಹೊರಟ. ಮುಗಿಲು ಧೂಳಿನಿಂದ ಕವಿಯಿತು, ಯಜ್ಞದ ಮಂಟಪ ಮುರಿಯಿತು, ಕುಂಡ ಕೆಟ್ಟಿತು. ಆದರೆ ಆ ಗದ್ದಲದ ನಡುವೆ ಅವನು ಯಾರನ್ನು ಹಿಡಿದ, ಏನು ಮಾಡಿದ ಎಂಬುದನ್ನು ಕಿವಿಗೊಟ್ಟು ಕೇಳಿ. ಹಿಂದೆ ದಕ್ಷ ಶಿವನನ್ನು ಸಭೆಯಲ್ಲಿ ಬೈಯುವಾಗ ಭೃಗು ಗಡ್ಡಮೀಸೆ ಮೆರೆಸಿ ನಕ್ಕಿದ್ದ. ವೀರಭದ್ರ ಅವನ ಗಡ್ಡಮೀಸೆ ಕಿತ್ತ. ಪೂಷ ಹಲ್ಲು ಕಿಸಿದಿದ್ದ. ಅವನ ಹಲ್ಲು ಉದುರಿಸಿದ. ಭಗ ಕಣ್ಸನ್ನೆ ಮಾಡಿ ಕುಮ್ಮಕ್ಕು ಕೊಟ್ಟಿದ್ದ. ಅವನ ಕಣ್ಣು ಕಿತ್ತ. ತಪ್ಪು ಮಾಡಿದ ಅಂಗಕ್ಕೇ ದಂಡ ಬಿತ್ತು. ಕೊನೆಗೆ ದಕ್ಷ. ಅವನ ಚರ್ಮಕ್ಕೆ ಆಯುಧ ನಾಟಲಿಲ್ಲ. ಆಗ ಆ ಉಗ್ರರೂಪ ನಿಂತು ಯೋಚಿಸಿತು ಎನ್ನುತ್ತದೆ ಭಾಗವತ. ಸಾವಿರ ತೋಳಿನ, ಬೆಂಕಿಗೂದಲಿನ ಆಕಾರ ಸುಡುವ ಯಜ್ಞಶಾಲೆಯ ನಡುವೆ ಕೈತಡೆದು ಯೋಚಿಸುತ್ತ ನಿಂತದ್ದನ್ನು ಊಹಿಸಿಕೊಳ್ಳಿ. ಯಜ್ಞಪಶುವನ್ನು ಕೊಲ್ಲುವ ಬಗೆಯಲ್ಲೇ ದಕ್ಷನ ತಲೆ ತೆಗೆದು, ಅದನ್ನು ದಕ್ಷಿಣಾಗ್ನಿಗೆ ಆಹುತಿ ಕೊಟ್ಟ.

ಸಮಾಳ ಹುಚ್ಚೆದ್ದು ಮೊಳಗುತ್ತದೆ. “ಹರ ಹರ ಮಹಾದೇವ!” ಇಡೀ ಬಯಲು ಕೂಗುತ್ತದೆ, ನೀವೂ ಕೂಗಿದ್ದೀರಿ.

ಈಗ ಶಸ್ತ್ರದ ಹೊತ್ತು. ಹರಕೆ ಹೊತ್ತ ಒಬ್ಬ ಯುವಕ ಮುಂದೆ ಬಂದು ನಿಲ್ಲುತ್ತಾನೆ. ಪುರವಂತನ ಕೈಯಲ್ಲಿ ತೆಳ್ಳನೆಯ ಕಬ್ಬಿಣದ ಸಲಾಕೆ. ಅದಕ್ಕೆ ವಿಭೂತಿ ಸವರುತ್ತಾನೆ, ಯುವಕನ ಗಲ್ಲಕ್ಕೂ ಸವರುತ್ತಾನೆ. ಎಡಗೈಯ ಎರಡು ಬೆರಳಲ್ಲಿ ಗಲ್ಲದ ಚರ್ಮವನ್ನು ಎಳೆದು ಹಿಡಿಯುತ್ತಾನೆ. ತುದಿ ಒಳಗೆ ಹೋಗುವಾಗ ಚರ್ಮ ಒಂದು ಕ್ಷಣ ಒಳಕ್ಕೆ ತಗ್ಗಿ, ಆಮೇಲೆ ಸೋಲುತ್ತದೆ. ಯುವಕನ ಕೊರಳಿನ ನರ ಬಿಗಿಯುತ್ತದೆ, ರೆಪ್ಪೆ ಅಲುಗುವುದಿಲ್ಲ. ಸಲಾಕೆ ಬಾಯೊಳಗಿಂದ ಹೊರಗೆ ಹೊಳೆದಾಗ ಹೆಂಗಸರ ಸಾಲಿನಿಂದ ಒಂದು ಉದ್ಗಾರ ಏಳುತ್ತದೆ. ಉಗ್ರರೂಪದ ಕಥೆ ಇಲ್ಲಿ ಬೇರೆಯವರ ಮೈಮೇಲೆ ಹೋಗುವುದಿಲ್ಲ. ಭಕ್ತ ಅದನ್ನು ತನ್ನ ಮೈಮೇಲೇ ತೆಗೆದುಕೊಳ್ಳುತ್ತಾನೆ.

ಗುಡಿಯ ಕಡೆಗೆ ನಡೆಯುತ್ತ ಒಂದು ಗಳಿಗೆ ಯೋಚಿಸಿ. ನಮ್ಮ ನಾಡಿನ ವೀರಭದ್ರನ ಶಿಲ್ಪಗಳಲ್ಲಿ ಸಾವಿರ ತೋಳುಗಳು ನಾಲ್ಕಾಗಿವೆ: ಕತ್ತಿ, ಗುರಾಣಿ, ಬಿಲ್ಲು, ಬಾಣ. ಮೈಮೇಲೆ ರುಂಡಮಾಲೆ. ಕಾಲ ಬಳಿ ಒಂದು ಚಿಕ್ಕ ಆಕೃತಿ, ಮನುಷ್ಯನ ಮೈ, ಆಡಿನ ತಲೆ, ಮುಗಿದ ಕೈ. ಅವನೇ ದಕ್ಷ. ಕಥೆ ತಲೆ ತೆಗೆದಲ್ಲಿಗೆ ಮುಗಿದಿದ್ದರೆ ಶಿಲ್ಪಿ ಅವನನ್ನು ಅಲ್ಲಿ ನಿಲ್ಲಿಸುತ್ತಿರಲಿಲ್ಲ. ಶಿವ ಸಮಾಧಾನಗೊಂಡ, ದಕ್ಷನಿಗೆ ಆಡಿನ ತಲೆ ಕೊಟ್ಟು ಬದುಕಿಸಿದ, ಭೃಗುವಿಗೆ ಆಡಿನ ಗಡ್ಡ ಬಂತು, ಭಗ ಮಿತ್ರನ ಕಣ್ಣಿನಿಂದ ನೋಡುವಂತಾಯಿತು, ಪೂಷ ಹಿಟ್ಟು ತಿನ್ನುವಂತಾದ. ನಿಂತುಹೋದ ಯಜ್ಞವೂ ಪೂರ್ತಿಯಾಯಿತು. 13ನೇ ಶತಮಾನದಲ್ಲಿ ಹಂಪಿಯ ರಾಘವಾಂಕ ಈ ಕಥೆಯನ್ನೇ ‘ವೀರೇಶ ಚರಿತೆ’ಯಾಗಿ ಬರೆದ. ಅದಕ್ಕೆ ಅವನು ಆರಿಸಿಕೊಂಡದ್ದು ಉದ್ದಂಡ ಷಟ್ಪದಿಯನ್ನು. ವೀರಭದ್ರನ ಓಟಕ್ಕೆ ಅಂಥದೇ ಛಂದಸ್ಸು ಬೇಕಿತ್ತು.

ಲೋಕದ ಇನ್ನೊಂದು ಭಯಂಕರ ಸೃಷ್ಟಿಯನ್ನು ಇವನ ಪಕ್ಕಕ್ಕೆ ನಿಲ್ಲಿಸಿ ನೋಡಿ. 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯಲ್ಲಿ ವಿಕ್ಟರ್ ಎಂಬ ಯುವಕ ಹೆಣಗಳ ತುಂಡು ಸೇರಿಸಿ ಒಂದು ಜೀವವನ್ನು ಮಾಡುತ್ತಾನೆ. ಅದು ಕಣ್ಣು ಬಿಟ್ಟ ಕೂಡಲೆ ಹೆದರಿ ಓಡಿಹೋಗುತ್ತಾನೆ. ಆ ಜೀವಕ್ಕೆ ಹೆಸರಿಲ್ಲ, ಮನೆಯಿಲ್ಲ, ಮಾಡು ಎಂದು ಹೇಳಿದ ಕೆಲಸವಿಲ್ಲ. ಅದರ ನೋವು ಕೊಲೆಯಾಗುತ್ತದೆ. ಕೊನೆಗೆ ವಿಕ್ಟರನ ಮದುವೆಯ ರಾತ್ರಿಯೇ ಬಂದು ಮದುಮಗಳನ್ನು ಕೊಲ್ಲುತ್ತದೆ. ವೀರಭದ್ರನಿಗೆ ಹುಟ್ಟಿಸಿದವನು ಹೆಸರು ಕೊಟ್ಟ, ಕೆಲಸ ಕೊಟ್ಟ, ಕೆಲಸ ಮುಗಿದ ಮೇಲೆ ನಿಲ್ಲಲು ಜಾಗ ಕೊಟ್ಟ. ಅವನೂ ಮದುವೆಗೆ ಬರುತ್ತಾನೆ, ಕರೆದರೆ ಬರುತ್ತಾನೆ.

ಅಗೋ, ಗುಗ್ಗಳ ಬಂತು. ಹೊಸ ಮಣ್ಣಿನ ಕೊಡಗಳಲ್ಲಿ ಎಣ್ಣೆಯ ಉರಿ ಮೊಳದೆತ್ತರ ಏಳುತ್ತಿದೆ, ಮೇಲೆ ಗುಗ್ಗಳದ ದಟ್ಟ ಹೊಗೆ. ಹೊತ್ತವರ ಮುಖ ಕೆಂಪಗೆ ಹೊಳೆಯುತ್ತದೆ. ಶಾಖ ನಿಮ್ಮ ಕೆನ್ನೆಯನ್ನು ಮುಟ್ಟಿ ಹೋಗುತ್ತದೆ. ಮುಂದೆ ನಂದಿಕೋಲು, ಪುರವಂತ. ವೀರಭದ್ರ ಮನೆದೇವರಾದ ಕುಟುಂಬಗಳಲ್ಲಿ ಮದುವೆ ಎಂದರೆ ಗುಗ್ಗಳ ಹೊರಡಲೇಬೇಕು. ಅಕ್ಷತೆ ಬೀಳುವ ಮೊದಲು ಅದೇ ಒಡಪು, ಅದೇ ಕತ್ತಿ, ಅದೇ ಶಸ್ತ್ರ ಮದುವೆ ಮನೆಯ ಅಂಗಳಕ್ಕೆ ಬರುತ್ತವೆ. ಕಿತ್ತೂರು ಸೀಮೆಯಿರಲಿ, ರಾಮದುರ್ಗವಿರಲಿ, ಹಸಿರು ಚಪ್ಪರದ ಕೆಳಗೆ ಇಂಥ ರುದ್ರನನ್ನು ಯಾಕೆ ಕರೆಯುತ್ತಾರೆ?

ಅವನು ಹುಟ್ಟಿದ್ದೇ ಒಂದು ಬೀಗತನ ಕೆಟ್ಟಾಗ. ಮಾವ ಅಳಿಯನನ್ನು ಹಗುರ ಮಾಡಿದ, ತವರು ಮಗಳಿಗೆ ಬಾಗಿಲು ಮುಚ್ಚಿತು, ತುಂಬಿದ ಸಭೆ ನಕ್ಕಿತು. ಎರಡು ಮನೆ ಕೂಡುವ ದಿನ ಆ ಕಥೆಯನ್ನು ಎರಡೂ ಕಡೆಯ ಹಿರಿಯರು ನಿಂತು ಕೇಳುವುದಕ್ಕಿಂತ ದೊಡ್ಡ ಬುದ್ಧಿಮಾತು ನನಗೆ ಗೊತ್ತಿಲ್ಲ. ನಿಮ್ಮ ಮನೆಗೆ ಬರುವ ಹೆಣ್ಣುಮಗಳನ್ನು ಅವಮಾನಿಸಬೇಡಿ, ನೀವು ಕೊಟ್ಟ ಮಗಳ ಕಡೆಗೆ ಮುಖ ತಿರುಗಿಸಬೇಡಿ, ಅವಮಾನ ನಡೆಯುವಾಗ ಹಲ್ಲು ಕಿಸಿದು ಕಣ್ಣು ಹೊಡೆದು ಕೂರಬೇಡಿ. ಗುಗ್ಗಳದ ಉರಿ ಪ್ರತಿ ಅಂಗಳದಲ್ಲೂ ಇದನ್ನೇ ಹೇಳುತ್ತದೆ ಎಂದು ನಾನು ನಂಬುತ್ತೇನೆ.

ಇದೇ ಹೊಸ್ತಿಲ ಹುಣ್ಣಿಮೆಯಂದು ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನ ಬಳೆ ಒಡೆಯುತ್ತಾರೆ. ಕಾರ್ತವೀರ್ಯನ ಕಡೆಯವರಿಂದ ಗಂಡ ಜಮದಗ್ನಿ ಸತ್ತ ದುಃಖ ಅದು. ಆ ದುಃಖದಿಂದ ಎದ್ದ ಮಗ ಪರಶುರಾಮನ ಕೋಪ 21 ಸಲ ಭೂಮಿ ಸುತ್ತಿತು. ಗೊಡಚಿಯಲ್ಲೂ ಕಥೆ ಶುರುವಾಗುವುದು ಒಬ್ಬ ಹೆಣ್ಣಿನ ನೋವಿನಿಂದಲೇ. ಒಂದೇ ಬೆಳದಿಂಗಳ ಕೆಳಗೆ, ಒಂದೇ ಸೀಮೆಯಲ್ಲಿ, ಜನ ಎರಡು ದುಃಖಗಳನ್ನೂ ಎರಡು ಕೋಪಗಳನ್ನೂ ಪ್ರತಿ ವರ್ಷ ನೆನೆಯುತ್ತಾರೆ. ಕೋಪ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮರೆಯದ ಜನ ಇವರು.

ಸಿನಿಮಾದ, ಕಾದಂಬರಿಯ ಭಯಂಕರ ಪ್ರಾಣಿಗಳಿಗೆ ಹೆದರಿ ಮಕ್ಕಳು ನಿದ್ದೆ ಕೆಡುತ್ತಾರೆ, ಬೆಳಗಾದರೆ ಮರೆಯುತ್ತಾರೆ. ವೀರಭದ್ರನ ಭಯ ಬೇರೆ. ಅದಕ್ಕೆ ಕಾರಣವಿದೆ, ಅಳತೆಯಿದೆ, ಮುಗಿಯುವ ಜಾಗವಿದೆ, ಮುಗಿದ ಮೇಲೆ ತಪ್ಪು ಮಾಡಿದವನಿಗೂ ಕೈಮುಗಿದು ನಿಲ್ಲುವಷ್ಟು ಎಡೆಯಿದೆ. ನಮ್ಮ ಮಕ್ಕಳನ್ನು ಇಂಥ ಭಯದ ಎದುರು ಒಮ್ಮೆಯಾದರೂ ಕರೆದುಕೊಂಡು ಹೋಗಬೇಕು. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲಿ, ಆಮೇಲೆ ಒಂದು ಕಣ್ಣು ತೆರೆದು ನೋಡಲಿ, ಆಮೇಲೆ ಕೇಳಲಿ: ಅವನಿಗೆ ಅಷ್ಟು ಸಿಟ್ಟು ಯಾಕೆ ಬಂತು? ಆ ಪ್ರಶ್ನೆಗೆ ಉತ್ತರ ಹೇಳಲು ಮನೆಯ ಹಿರಿಯರು ಸಿದ್ಧರಿರಬೇಕು, ಉತ್ತರ ಹೇಳುವಾಗ ತಮ್ಮ ಮನೆಯ ಹೆಣ್ಣುಮಕ್ಕಳ ಮುಖ ನೋಡಿ ಹೇಳುವಂತಿರಬೇಕು.