ಚುಟ್ಟಿ ಎಲ್ಲಿ ಹೋಯಿತು?

"ಇದೆಂತ ಮಾರಾಯ, ಮಹಿಷಾಸುರನ ಮುಖದಲ್ಲಿ ಚುಟ್ಟಿಯೇ ಇಲ್ಲವಲ್ಲ!"

ಮಾವ ಹಾಗೆಂದಾಗ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ನಾಲ್ಕು ದಿನ ಕೂತು ಎಡಿಟ್ ಮಾಡಿ, ಹಿಂದಿನ ರಾತ್ರಿ ಎಕ್ಸ್‌ಪೋರ್ಟಿಗೆ ಇಟ್ಟು ಮಲಗಿ, ಬೆಳಿಗ್ಗೆ ಪೆನ್‌ಡ್ರೈವಿಗೆ ತುಂಬಿಕೊಂಡು ಅವರ ಮನೆಗೆ ಹೋಗಿದ್ದೆ. ಮಾವ ಎನ್ನುವುದು ನಾನು ಕರೆಯುವ ರೂಢಿ, ನೆಂಟಸ್ತಿಕೆ ಏನಿಲ್ಲ. ಯಕ್ಷಗಾನ ಮೇಳದ ಎಷ್ಟೋ ತಿರುಗಾಟಗಳಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ಮಾಡಿದವರು. ಮಂಡಿನೋವು ಬಂದ ಮೇಲೆ ಗೆಜ್ಜೆ ಬಿಚ್ಚಿಟ್ಟು ಮನೆಯಲ್ಲಿದ್ದಾರೆ. ನಮ್ಮೂರ ಬಯಲಾಟದಲ್ಲಿ ನಾನು ಹಿಡಿದ ದೇವಿಮಹಾತ್ಮೆಯನ್ನು ಮೊದಲು ತೋರಿಸಬೇಕಾದದ್ದು ಅವರಿಗೇ ಎಂದು ನನ್ನ ಲೆಕ್ಕ.

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ತೆಂಕುತಿಟ್ಟಿನಲ್ಲಿ ರಾಕ್ಷಸನ ಮುಖ ಬರೇ ಬಣ್ಣದಿಂದ ಆಗುವುದಿಲ್ಲ. ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಸೇರಿಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕೆನ್ನೆ, ಹಣೆ, ಹುಬ್ಬಿನ ಮೇಲೆ ಸಾಲುಸಾಲಾಗಿ ಮುಳ್ಳುಗಳಂತೆ ಎಬ್ಬಿಸುತ್ತಾರೆ. ಅದು ಚುಟ್ಟಿ. ಒಂದು ಪದರ ಒಣಗಬೇಕು, ಅದರ ಮೇಲೆ ಇನ್ನೊಂದು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಕನ್ನಡಿ ಎದುರು ಚಕ್ಕಳಮಕ್ಕಳ ಹಾಕಿ ಕೂತ ವೇಷಧಾರಿ ತನ್ನ ಮುಖಕ್ಕೆ ತಾನೇ ಗಂಟೆಗಟ್ಟಲೆ ಇದನ್ನು ಇಡುತ್ತಾನೆ. ಮಾತಾಡುವಂತಿಲ್ಲ, ನಗುವಂತಿಲ್ಲ. ನನ್ನ ಎಕ್ಸ್‌ಪೋರ್ಟಿನಲ್ಲಿ ಆ ಗಂಟೆಗಳೆಲ್ಲ ಮಾಯವಾಗಿ, ಕೆನ್ನೆಯ ಮೇಲೆ ಸುಣ್ಣ ಬಳಿದಂಥ ಒಂದು ಬಿಳಿ ಪಟ್ಟಿ ಉಳಿದಿತ್ತು. ಅದೂ ಸಾಲದೆಂಬಂತೆ, ದೊಂದಿಗೆ ರಾಳದ ಪುಡಿ ಎರಚಿದಾಗಲೆಲ್ಲ ಬೆಂಕಿ ಭುಗಿಲೆದ್ದು ಪರದೆ ಪೂರ್ತಿ ಹಂಚು ಹಾಸಿದ ಹಾಗೆ ಚೌಕಚೌಕವಾಗಿ ಒಡೆಯುತ್ತಿತ್ತು.

ಪೆನ್‌ಡ್ರೈವ್ ಕಿತ್ತುಕೊಂಡು ಮನೆಗೆ ಬಂದೆ. ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕೈ ತುರಿಸಲು ಶುರುವಾಗಿತ್ತು. ಶೂಟಿಂಗ್ ನನಗೆ ಇಷ್ಟ, ಕತ್ತರಿಸಿ ಜೋಡಿಸುವುದೂ ಇಷ್ಟ. ಎಲ್ಲಕ್ಕಿಂತ ಇಷ್ಟ ಇದು, ಮುಗಿದ ವಿಡಿಯೊದಲ್ಲಿ ಎಲ್ಲೋ ಕೆಟ್ಟಿರುವುದು ಯಾಕೆ ಕೆಟ್ಟಿತು ಎಂದು ಜಾಡು ಹಿಡಿದು ಹೋಗುವುದು. ಕೆಟ್ಟ ಚಿತ್ರಕ್ಕೂ ಒಂದು ಮುಖವಿದೆ. ಎಲ್ಲಿಂದ ಬಂದೆ ಎಂದು ಅದೇ ಹೇಳುತ್ತದೆ, ತಾಳ್ಮೆಯಿಂದ ನೋಡಬೇಕು ಅಷ್ಟೆ.

ದೋಷ ಕಂಡ ಕೂಡಲೇ ಸೆಟ್ಟಿಂಗಿಗೆ ಕೈ ಹಾಕುವುದಿಲ್ಲ, ಅದು ನಾನು ಪಾಲಿಸಿಕೊಂಡು ಬಂದ ಪದ್ಧತಿ. ಮೊದಲು ಅದೇ ಫೈಲನ್ನು ಬೇರೆ ಪ್ಲೇಯರಿನಲ್ಲಿ, ಸಾಧ್ಯವಾದರೆ ಬೇರೆ ಯಂತ್ರದಲ್ಲಿ ಹಾಕಿ ನೋಡುತ್ತೇನೆ. ಅಲ್ಲಿ ಸರಿಯಿದ್ದರೆ ಫೈಲು ನಿರಪರಾಧಿ. ಅಲ್ಲೂ ಕೆಟ್ಟಿದ್ದರೆ ಏನೂ ಬದಲಿಸದೆ ಇನ್ನೊಮ್ಮೆ ಎಕ್ಸ್‌ಪೋರ್ಟ್ ಕೊಡುತ್ತೇನೆ. ಈ ಎರಡನೇ ಎಕ್ಸ್‌ಪೋರ್ಟ್ ಹೇಳುವಷ್ಟು ಸತ್ಯವನ್ನು ಬೇರೆ ಯಾವುದೂ ಹೇಳುವುದಿಲ್ಲ. ಕಲೆ ಅದೇ ಜಾಗದಲ್ಲಿ, ಅದೇ ಫ್ರೇಮಿನಲ್ಲಿ ಮತ್ತೆ ಕಂಡಿತೋ, ಕಾರಣ ಟೈಮ್‌ಲೈನಿನ ಆ ಜಾಗದಲ್ಲೇ ಇದೆ: ಮೂಲ ಕ್ಲಿಪ್, ಅದರ ಮೇಲೆ ಹಾಕಿದ ಎಫೆಕ್ಟ್, ಇಲ್ಲವೇ ಕೆಟ್ಟುಹೋದ ರೆಂಡರ್ ಕ್ಯಾಷ್. ಜಾಗ ಬದಲಿಸಿತೋ, ಕಾರಣ ಯಂತ್ರದ ಹೊಟ್ಟೆಯಲ್ಲಿದೆ: ಬಿಸಿ, ಮೆಮೊರಿ, ಗ್ರಾಫಿಕ್ಸ್ ಡ್ರೈವರ್.

ಒಮ್ಮೆ ಒಂದು ಮದುವೆಯ ವಿಡಿಯೊದಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಪರದೆಯ ಕೆಳಗಿನ ಅರ್ಧ ಕೆಸುವಿನೆಲೆಯ ಹಸಿರಾಯಿತು. ಎರಡನೇ ಸಲ ಕೊಟ್ಟೆ, ಹಸಿರು ಊಟದ ಪಂಕ್ತಿಗೆ ಹೋಗಿತ್ತು. ಮೂರನೇ ಸಲ ಆರತಿಗೆ. ಹೀಗೆ ಅಲೆಯುವ ಹಸಿರು ಕ್ಲಿಪ್ಪಿನದ್ದಾಗಲು ಸಾಧ್ಯವಿಲ್ಲ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರನ್ನು ಬಿಟ್ಟು ಸಿಪಿಯುವಿನಿಂದಲೇ ಎನ್‌ಕೋಡ್ ಮಾಡಿಸಿದೆ. ಮೂರು ಪಟ್ಟು ಹೊತ್ತು ತಿಂದಿತು, ಹಸಿರು ಮಾತ್ರ ಮತ್ತೆ ಬರಲಿಲ್ಲ. ಆಮೇಲೆ ಡ್ರೈವರ್ ಹೊಸದು ಹಾಕಿ, ಕ್ಯಾಬಿನೆಟ್ ತೆಗೆದು ಫ್ಯಾನಿನ ಧೂಳು ಒರೆಸಿದೆ. ಹಸಿರೇ ಯಾಕೆಂದು ಕೇಳಿದರೆ ಅದಕ್ಕೂ ಉತ್ತರವಿದೆ. ವಿಡಿಯೊದಲ್ಲಿ ಹೊಳಪು ಒಂದು ಕಡೆ, ಬಣ್ಣ ಎರಡು ಕಡೆ, ಹೀಗೆ ಮೂರು ಭಾಗವಾಗಿ ಅಂಕಿಗಳಿರುತ್ತವೆ. ಮೂರರಲ್ಲೂ ಬರೀ ಸೊನ್ನೆ ತುಂಬಿದರೆ ಕಣ್ಣಿಗೆ ಕಾಣುವುದು ಕಪ್ಪಲ್ಲ, ಹಸಿರು. ಅಂದರೆ ಆ ಅರ್ಧ ಪರದೆಗೆ ಮಾಹಿತಿಯೇ ಬಂದು ತಲುಪಿರಲಿಲ್ಲ. ಇದು ತಿಳಿದ ದಿನ ನನಗಾದ ಖುಷಿ ಸಣ್ಣದಲ್ಲ.

ಹಳೆಯ ಟೇಪುಗಳದ್ದು ಇನ್ನೊಂದು ಲೋಕ. ಮಾವನದೇ ಒಂದು ಆಟ ಮಿನಿ ಡಿವಿ ಟೇಪಿನಲ್ಲಿತ್ತು. ಕಂಪ್ಯೂಟರಿಗೆ ಇಳಿಸಿ, ಈಗಿನ ಎಚ್‌ಡಿ ಟೈಮ್‌ಲೈನಿನಲ್ಲಿ ಇಟ್ಟು ಎಕ್ಸ್‌ಪೋರ್ಟ್ ಮಾಡಿದೆ. ಪಾತ್ರ ನಿಂತು ಅರ್ಥ ಹೇಳುವಾಗ ಏನೂ ತೊಂದರೆಯಿಲ್ಲ. ಧೀಂಗಿಣ ಹೊಡೆಯುವಾಗ ಮಾತ್ರ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲು. ಸುತ್ತುವ ದೇಹ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತಿತ್ತು. ಆ ಕ್ಯಾಮೆರಾಗಳು ಸೆಕೆಂಡಿಗೆ 25 ಪೂರ್ಣ ಚಿತ್ರ ಹಿಡಿಯುತ್ತಿರಲಿಲ್ಲ, 50 ಅರ್ಧ ಚಿತ್ರ ಹಿಡಿಯುತ್ತಿದ್ದವು. 576 ಗೆರೆಗಳಲ್ಲಿ ಒಂದು ಬಿಟ್ಟು ಒಂದರಂತೆ 288 ಈಗ, ಉಳಿದ 288 ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಕಳೆದ ಮೇಲೆ. ಡಿವಿಯಲ್ಲಿ ಕೆಳಗಿನ ಸಾಲು ಮೊದಲು, ಎಚ್‌ಡಿಯಲ್ಲಿ ಮೇಲಿನದು ಮೊದಲು. ಸಾಫ್ಟ್‌ವೇರಿಗೆ ಅದನ್ನು ಹೇಳದಿದ್ದರೆ ನಂತರದ ಕ್ಷಣವನ್ನು ಮೊದಲು, ಮೊದಲಿನದನ್ನು ನಂತರ ತೋರಿಸುತ್ತದೆ. ಕ್ರಮ ಸರಿಪಡಿಸಿ, ಒಂದೊಂದು ಅರ್ಧವನ್ನೂ ಒಂದೊಂದು ಪೂರ್ತಿ ಫ್ರೇಮಾಗಿ ಬೆಳೆಸಿ, ಸೆಕೆಂಡಿಗೆ 50ರಂತೆ ಎಕ್ಸ್‌ಪೋರ್ಟ್ ಕೊಟ್ಟೆ. ಮಾವ ಪರದೆಯ ಮೇಲೆ ಬುಗುರಿಯಂತೆ ಸುತ್ತಿದರು. ಟೇಪಿನಲ್ಲಿ ಇಷ್ಟು ವರ್ಷ ಆ ಸುತ್ತು ಹಾಗೆಯೇ ಭದ್ರವಾಗಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಪ್ಪು ಬೂದಿಯಾಗುವ ದೋಷ ಸುಲಭದ್ದು. ಕಪ್ಪನ್ನು 16ರಿಂದ, ಬಿಳಿಯನ್ನು 235ಕ್ಕೆ ಅಳೆಯುವುದು ವಿಡಿಯೊದ ಹಳೆಯ ಸಂಪ್ರದಾಯ. ಕಂಪ್ಯೂಟರ್ ಪರದೆ 0ಯಿಂದ 255ರವರೆಗೆ ಅಳೆಯುತ್ತದೆ. ಫೈಲಿಗೆ ಅಂಟಿಸಿದ ಚೀಟಿ ತಪ್ಪಿದ್ದರೆ ರಾತ್ರಿಯ ಆಕಾಶ ಮಂಜಾಗುತ್ತದೆ. ಚೀಟಿ ಬದಲಿಸಿದರೆ ಮುಗಿಯಿತು. ವಿದ್ಯುದ್ದೀಪದ ಮಿನುಗಿನಿಂದ ಚಿತ್ರದ ಮೇಲೆ ಪಟ್ಟೆ ಹರಿದಿದ್ದರೆ ಮಾತ್ರ ಎಕ್ಸ್‌ಪೋರ್ಟಿನಲ್ಲಿ ಹೆಚ್ಚೇನೂ ಮಾಡಲಾಗದು. ನಮ್ಮ ಕರೆಂಟು 50 ಹರ್ಟ್ಸಿನದು, ಶಟರನ್ನು ಐವತ್ತಕ್ಕೋ ನೂರಕ್ಕೋ ರಂಗಸ್ಥಳದ ಎದುರಲ್ಲೇ ಇಟ್ಟುಕೊಂಡಿರಬೇಕು.

ಇನ್ನು ಚುಟ್ಟಿಗೆ ಬರುತ್ತೇನೆ.

ಒಂದು ಪೂರ್ಣ ಎಚ್‌ಡಿ ಫ್ರೇಮಿನಲ್ಲಿ 20 ಲಕ್ಷಕ್ಕೂ ಮಿಕ್ಕಿ ಬಿಂದುಗಳಿವೆ. ಏನೂ ಒತ್ತದೆ ಹಾಗೇ ಇಟ್ಟರೆ ಒಂದು ಗಂಟೆಯ ಆಟಕ್ಕೆ ಸುಮಾರು 280 ಜಿಬಿ ಬೇಕು. ಬೆಳಗಿನವರೆಗಿನ ದೇವಿಮಹಾತ್ಮೆಗೆ ಎರಡು ಟಿಬಿ ದಾಟುತ್ತದೆ. ನಾವು ಪೆನ್‌ಡ್ರೈವಿಗೆ ಹಾಕುವುದು ಗಂಟೆಗೆ ನಾಲ್ಕೈದು ಜಿಬಿ. ಅರವತ್ತು ಪಾಲಿನಲ್ಲಿ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೂ ಕಣ್ಣಿಗೆ ಕೊರತೆ ಕಾಣದಂತೆ ಮಾಡುವ ವಿದ್ಯೆಯ ಬೇರು ಒಂದು ಗಣಿತದಲ್ಲಿದೆ. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಗಣಿತದ ಹಿಂದೆ ಇರುವವರು ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ನಾವು ಇಂದು ಯುವಿಸಿಇ ಎನ್ನುವ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಈ ವಿಚಾರವನ್ನು ಬೆಳೆಸಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಹಣ ಕೇಳಿದಾಗ ಸಿಗಲಿಲ್ಲ. ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರಿಗೆ ಅನಿಸಿತಂತೆ. ಅಹ್ಮದ್ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ಜೆಪೆಗ್ ಫೋಟೊದಿಂದ ಹಿಡಿದು 2003ರಲ್ಲಿ ಬಂದ ಎಚ್.264 ವಿಡಿಯೊದವರೆಗೆ ಅದೇ ಬೇರಿನ ಚಿಗುರುಗಳು. ಟೈಮ್‌ಲೈನ್ ಎದುರು ಕೂತಾಗ, ಈ ಕೆಲಸದ ತಳದಲ್ಲಿ ನಮ್ಮ ಬೆಂಗಳೂರಲ್ಲಿ ಓದಿದ ಒಬ್ಬರ ಯೋಚನೆ ಇದೆಯಲ್ಲ ಎಂದು ಎಷ್ಟೋ ಸಲ ಅಭಿಮಾನಪಟ್ಟಿದ್ದೇನೆ.

ಆ ಗಣಿತ ಮಾಡುವುದಿಷ್ಟು. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಗಕ್ಕನೆ ಬದಲಾಗುವ ನವಿರು ಎಷ್ಟು ಎಂದು ಬೇರೆ ಬೇರೆ ತೂಗುತ್ತದೆ. ಜಾಗ ಕಡಿಮೆ ಬಿದ್ದರೆ ಎನ್‌ಕೋಡರ್ ಮೊದಲು ಕೈಬಿಡುವುದು ನವಿರನ್ನು. ಚುಟ್ಟಿ ಎಂದರೆ ಬರೀ ನವಿರು. ಇನ್ನು ರಾಳ. ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಯಿತೋ ಅಷ್ಟನ್ನೇ ಬರೆದಿಟ್ಟು ಜಾಗ ಉಳಿಸುವುದು ಎನ್‌ಕೋಡರಿನ ಜಾಣ್ಮೆ. ರಾಳ ಭುಗಿಲೆದ್ದ ಆ 40 ಮಿಲಿಸೆಕೆಂಡಿನಲ್ಲಿ ಜನರ ಮುಖ, ತೆಂಗಿನಮರ, ಧೂಳು, ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಹಿಂದಿನದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಕೊಟ್ಟ ಬಿಟ್‌ರೇಟ್ ಸಾಲದೆ ಚೌಕಗಳು ಬಯಲಾಗುತ್ತವೆ.

ಹಾಗಾದರೆ ಬಿಟ್‌ರೇಟ್ ಏರಿಸಿದರಾಯಿತು. ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸುತ್ತ ಬರುವ ಹತ್ತು ಸೆಕೆಂಡನ್ನು ಮಾತ್ರ ಗುರುತು ಹಾಕಿಕೊಂಡು 8 ಎಂಬಿಪಿಎಸ್ ಇದ್ದದ್ದನ್ನು 20 ಮಾಡಿದೆ. ಚೌಕಗಳು ಹೋದವು. ಚುಟ್ಟಿ ಬರಲಿಲ್ಲ. 40 ಮಾಡಿದೆ. ಬರಲಿಲ್ಲ.

ಇಲ್ಲಿಗೆ ಬಂದಾಗ ನಾನು ಮಾಡುವ ಒಂದು ಪರೀಕ್ಷೆ ಇದೆ, ಅದನ್ನು ಮಾಡುವಾಗ ಕೋಣೆಯ ದೀಪ ಆರಿಸುತ್ತೇನೆ. ಪ್ರಿವ್ಯೂನಲ್ಲಿ ಕಾಣುವ ಕ್ಲಿಪ್ ಕೆಳಗೆ, ಎಕ್ಸ್‌ಪೋರ್ಟ್ ಆದದ್ದು ಅದರ ಮೇಲೆ, ಫ್ರೇಮಿಗೆ ಫ್ರೇಮ್ ಹೊಂದಿಸಿ ಇಟ್ಟು ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ ಹಾಕಬೇಕು. ಎರಡೂ ಒಂದೇ ಇರುವಲ್ಲಿ ಕಪ್ಪು ಕಾಣುತ್ತದೆ. ಬೇರೆಯಾದಲ್ಲಿ ಮಾತ್ರ ಬೆಳಕು. ಹಾಕಿದೆ. ಪರದೆ ಕಪ್ಪಾಯಿತು. ದೊಂದಿ ಇಲ್ಲ, ಜನ ಇಲ್ಲ, ಕಿರೀಟವೂ ಇಲ್ಲ. ಕಪ್ಪಿನ ನಡುವೆ ಬಿಳಿ ಚುಕ್ಕಿಗಳ ಎರಡು ಕಮಾನು, ಮೇಲೆ ಹುಬ್ಬಿನ ಜಾಗದಲ್ಲಿ ಇನ್ನೆರಡು. ನನ್ನ ವಿಡಿಯೊದಿಂದ ಕಳೆದುಹೋದ ಚುಟ್ಟಿಯೆಲ್ಲ ಅಲ್ಲಿ ಒಂದೂ ಬಿಡದೆ, ಮುಖವಿಲ್ಲದ ಮುಖವಾಗಿ ಹೊಳೆಯುತ್ತಿತ್ತು. ಫ್ರೇಮ್ ಮುಂದೆ ಸರಿಸಿದರೆ ಚುಕ್ಕಿಗಳು ತಲೆ ಅಲ್ಲಾಡಿಸಿದವು. ಎಷ್ಟು ಹೊತ್ತು ನೋಡುತ್ತ ಕೂತೆನೋ.

ಆಮೇಲೆ ಎಫೆಕ್ಟುಗಳನ್ನು ಒಂದೊಂದಾಗಿ ಆರಿಸಿ, ಪ್ರತಿ ಸಲ ಮತ್ತೆ ಎಕ್ಸ್‌ಪೋರ್ಟ್ ಕೊಟ್ಟು ಹೋಲಿಸುತ್ತ ಬಂದೆ. ಬಣ್ಣ ತಿದ್ದಿದ್ದನ್ನು ಆರಿಸಿದೆ, ಚುಕ್ಕಿಗಳು ಹಾಗೇ ಇದ್ದವು. ಶಾರ್ಪ್‌ನೆಸ್ ಆರಿಸಿದೆ, ಹಾಗೇ. ನಾಯ್ಸ್ ರಿಡಕ್ಷನ್ ಆರಿಸಿದಾಗ ಚುಕ್ಕಿಗಳು ಒಟ್ಟಿಗೆ ನಂದಿದವು. ರಾತ್ರಿ ತೆಗೆದ ಚಿತ್ರದಲ್ಲಿ ತರಿ ಜಾಸ್ತಿಯೆಂದು ಅದನ್ನು ನಾನೇ ಹಾಕಿದ್ದೆ. ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ, ಸ್ಥಿರವಾದದ್ದನ್ನು ಉಳಿಸಿ, ಚಂಚಲವಾದದ್ದನ್ನು ಸವರಿಬಿಡುವುದು ಅದರ ಕೆಲಸ. ಚೆಂಡೆಯ ಪೆಟ್ಟಿಗೆ ಅದುರುವ ಮುಖದ ಮೇಲಿನ ಸಣ್ಣ ಬಿಳಿ ಮುಳ್ಳುಗಳು ಅದಕ್ಕೆ ತರಿಯಾಗಿ ಕಂಡಿದ್ದವು. ಎಡಿಟ್ ಮಾಡುವಾಗ ನನಗೆ ಗೊತ್ತಾಗದಿದ್ದದ್ದಕ್ಕೂ ಕಾರಣ ಸಿಕ್ಕಿತು. ಓಟ ಹಗುರಾಗಲೆಂದು ಪ್ರಿವ್ಯೂನಲ್ಲಿ ಭಾರದ ಎಫೆಕ್ಟುಗಳನ್ನು ಬದಿಗಿಟ್ಟಿದ್ದೆ. ಎಕ್ಸ್‌ಪೋರ್ಟಿನಲ್ಲಿ ಅವು ಪೂರ್ತಿ ದುಡಿದಿದ್ದವು.

ಆ ಭಾಗದಿಂದ ಅದನ್ನು ತೆಗೆದೇಬಿಟ್ಟೆ. ಇರುಳಿನಲ್ಲಿ ಅಷ್ಟು ತರಿ ಇರಲಿ. ತರಿಯಿದ್ದರೆ ಎನ್‌ಕೋಡರಿಗೆ ಹೊರೆ ಹೆಚ್ಚು, ಬಿಟ್‌ರೇಟನ್ನು 20ರಲ್ಲೇ ಇಟ್ಟು ಎರಡು ಪಾಸಿನಲ್ಲಿ ಕೊಟ್ಟೆ. ಮೊದಲ ಸುತ್ತಿನಲ್ಲಿ ಎಲ್ಲೆಲ್ಲಿ ರಾಳ ಉರಿಯುತ್ತದೆ, ಎಲ್ಲೆಲ್ಲಿ ಭಾಗವತರು ತಣ್ಣಗೆ ಪದ ಹೇಳುತ್ತಾರೆ ಎಂದು ಎನ್‌ಕೋಡರ್ ನೋಡಿಕೊಂಡು, ಎರಡನೇ ಸುತ್ತಿನಲ್ಲಿ ಪದದ ಪಾಲಿನಿಂದ ತೆಗೆದು ರಾಳದ ಪಾಲಿಗೆ ಹಂಚುತ್ತದೆ. ಫೈಲು ದಪ್ಪವಾಯಿತು. ಆಗಲಿ.

ಮರುದಿನ ಸಂಜೆ ಮಾವ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡರು. ಮಹಿಷಾಸುರ ಬಂದ. ರಾಳ ಉರಿಯಿತು. ಅವರು ಏನೂ ಹೇಳಲಿಲ್ಲ, ಕೈ ಮಾತ್ರ ಮೇಲೆತ್ತಿದರು.

"ನಿಲ್ಲಿಸು. ಸ್ವಲ್ಪ ಹಿಂದೆ ಹೋಗು."

ಹೋದೆ.

"ಇನ್ನೂ ಸ್ವಲ್ಪ. ಹಾಂ, ಅಲ್ಲಿ." ಕನ್ನಡಕ ಸರಿಮಾಡಿಕೊಂಡು ಬೆರಳನ್ನು ಪರದೆಗೆ ತಾಗಿಸಿದರು. "ಎಡದ ಕೆನ್ನೆ, ಕೆಳಗಿನಿಂದ ಮೂರನೆಯದ್ದು. ಬಿದ್ದಿದೆ ನೋಡು. ಹಿಟ್ಟು ಸ್ವಲ್ಪ ನೀರಾಗಿತ್ತು ಕಾಣ್ತದೆ."

ಮನೆಗೆ ಬಂದು ಮೂಲ ಕ್ಲಿಪ್ ತೆರೆದು, ಆ ಫ್ರೇಮಿಗೆ ಹೋಗಿ, ಹಿಗ್ಗಿಸಿ ನೋಡಿದೆ. ಕೆಳಗಿನಿಂದ ಮೂರನೆಯದ್ದು ಅಲ್ಲೂ ಇರಲಿಲ್ಲ.